ಓವನ್ ಶೆಡ್ಡಿನ ಮೂಗಣ್ಣ

ಡಬ್ಬಿಗಳಿಗೆ ತಗಡು ಸಿದ್ಧಮಾಡಿಕೊಡುವ ಆ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರಿಗೂ ಅವನು ಮೂಗಣ್ಣ. ಮೂಗು ಉದ್ದವೂ ಅಲ್ಲ, ದಪ್ಪವೂ ಅಲ್ಲ. ಆದರೆ ಚುರುಕು. ಮುಚ್ಚಿದ ಊಟದ ಡಬ್ಬಿ ಮುಂದಿಟ್ಟರೆ ಒಳಗೇನಿದೆ ಎಂದು ಹೇಳಿಬಿಡುತ್ತಿದ್ದ. ಮೂಗಣ್ಣನಿಗೆ ನೆಗಡಿಯಾದರೆ ಕಾರ್ಖಾನೆಗೆ ರಜೆ ಕೊಡಬೇಕು ಎಂದು ಜೊತೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಒಳಗೊಳಗೆ ಆ ಮಾತು ಅವನಿಗೆ ಬಲು ಇಷ್ಟ.

ಅಲ್ಲಿಯ ಕೆಲಸ ಹೀಗಿತ್ತು. ಹಿಟ್ಟಿನಷ್ಟು ನುಣ್ಣಗಿರುವ ಬಿಳಿ ವಿನೈಲ್ ರಾಳದ ಪುಡಿ ಮೂಟೆಗಳಲ್ಲಿ ಬರುತ್ತಿತ್ತು. ಅದನ್ನು ಥಿನ್ನರಿನಲ್ಲಿ ಕರಗಿಸಿ, ತಗಡಿನ ಹಾಳೆಗಳಿಗೆ ತೆಳ್ಳಗೆ ಬಳಿದು, ಉದ್ದನೆಯ ಓವನ್ನಿನಲ್ಲಿ ಒಣಗಿಸಬೇಕು. ಮೂಟೆಯಲ್ಲಿದ್ದಾಗ ಆ ಪುಡಿ ಸಾಧು. ಅದರ ಧೂಳೆದ್ದ ಕಡೆ ಒಂದು ಕಿಡಿ ಹಾರಿದರೆ ಶೆಡ್ಡೇ ಹಾರಿಹೋಗುತ್ತದೆ. ಓವನ್ನಿನ ಕಾವು ಮಿತಿ ಮೀರಿದರೆ ಲೇಪ ಸೀದು ಘಾಟು ಹೊಗೆ ಬಿಡುತ್ತದೆ. ಆ ಹೊಗೆ ಕಣ್ಣಿನ ನೀರಿಗೆ, ಗಂಟಲಿನ ತೇವಕ್ಕೆ ತಾಗಿದರೆ ಅಲ್ಲೇ ಆಸಿಡ್ ಆಗುತ್ತದೆ. ಶೆಡ್ಡಿನ ಬಾಗಿಲ ಕೀಲುಗಳು ವರ್ಷ ತುಂಬುವುದರೊಳಗೆ ತುಕ್ಕು ತಿಂದು ಉದುರುತ್ತಿದ್ದುದು ಅದರಿಂದಲೇ. ಮನುಷ್ಯರ ಒಳಗಿನ ಕೀಲುಗಳನ್ನು ತೆಗೆದು ನೋಡಿದವರು ಯಾರೂ ಇರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಒಂದು ಬೆಳಿಗ್ಗೆ, ಬೇರೆ ಯಾರಿಗೂ ಏನೂ ಗೊತ್ತಾಗದಿದ್ದಾಗ, ಸೀದ ಘಾಟು ಹಿಡಿದು ಓವನ್ ಆರಿಸಿದ್ದ. ತೆರೆದು ನೋಡಿದರೆ ಒಳಗೆ ಹಾಳೆಗಳು ಕಂದುಗಟ್ಟಿದ್ದವು. ಅಂದಿನ ಮ್ಯಾನೇಜರ್ ಎಲ್ಲರೆದುರು ಬೆನ್ನು ತಟ್ಟಿದ್ದರು. ಅಲ್ಲಿಂದ ಮುಂದೆ ಓವನ್ನಿಗೆ ಅವನ ಮೂಗೇ ಅಳತೆಗೋಲಾಯಿತು. ಸಿಕ್ಕಿಕೊಂಡ ಹಾಳೆ ಬಿಡಿಸಲು ಯಾರಾದರೂ ಒಳಹೋಗುವ ಮುಂಚೆ ಅವನು ಬಾಗಿಲಲ್ಲಿ ತಲೆ ತೂರಿಸಿ ಮೂಸುತ್ತಿದ್ದ. ಹೂಂ ಎಂದರೆ ಹೋಗಬೇಕು, ಊಹೂಂ ಎಂದರೆ ನಿಲ್ಲಬೇಕು.

ವರ್ಷಗಳು ಕಳೆದ ಮೇಲೆ ಸುರಕ್ಷತೆ ನೋಡಿಕೊಳ್ಳಲು ಒಬ್ಬ ಮೇಡಂ ಬಂದರು. ಬಂದವರೇ ಓವನ್ ಪಕ್ಕದ ಗೋಡೆಗೆ ಹೊಗೆ ಅಳೆಯುವ ಯಂತ್ರ ಹಾಕಿಸಿದರು, ಎಲ್ಲರಿಗೂ ಮಾಸ್ಕ್ ಹಂಚಿದರು, ಪುಡಿ ಸುರಿಯುವ ಮುಂಚೆ ಕಿಡಿ ಹಾರದಂತೆ ಡ್ರಮ್ಮಿಗೆ ಅರ್ಥಿಂಗ್ ತಂತಿ ಕಚ್ಚಿಸುವುದನ್ನು ರೂಢಿಮಾಡಿಸಿದರು. ಮೂಗು ದಣಿಯುತ್ತದೆ, ದಿನಾ ಮೂಸಿದ್ದನ್ನು ಅದು ಕಡೆಗೆ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ ಎಂದು ಮೂಗಣ್ಣನನ್ನು ನೋಡಿಕೊಂಡೇ ಹೇಳಿದರು. ಅವನಿಗೆ ಮೈಯೆಲ್ಲ ಉರಿಯಿತು. ಆ ಯಂತ್ರವೋ, ಥಿನ್ನರ್ ಡ್ರಮ್ಮಿನ ಮುಚ್ಚಳ ತೆಗೆದರೂ ಕಿರುಚುವಂಥದ್ದು. ಕೆಲಸ ಪದೇ ಪದೇ ನಿಂತು, ಎಲ್ಲರಿಗೂ ರೇಗಿತು. ಮೇಡಂ ಬೇರೆ ಶೆಡ್ಡಿನ ಕಡೆ ಹೋದ ಒಂದು ದಿನ ಯಾರೋ ಅದರ ಪ್ಲಗ್ ಕಿತ್ತರು. ನಮ್ಮ ಮೂಗಣ್ಣ ಇರುವಾಗ ಇದ್ಯಾಕೆ ಎಂದರು. ಮೂಗಣ್ಣ ಸುಮ್ಮನಿದ್ದ. ಮೇಡಂ ಬರುವ ಸದ್ದಾದರೆ ಪ್ಲಗ್ ಮತ್ತೆ ಗೋಡೆಗೆ ಸೇರುತ್ತಿತ್ತು.

ಆ ಹೊತ್ತಿಗಾಗಲೇ ಅವನ ಮೂಗು ಸತ್ತಿತ್ತು.

ಅದು ಯಾವಾಗ ಶುರುವಾಯಿತೋ ಅವನಿಗೇ ತಿಳಿಯದು. ಮೊದಲು ಸೋಪಿನ ವಾಸನೆ ಹೋಯಿತು, ಆಮೇಲೆ ಚಹಾದ್ದು. ನೆಗಡಿಯಿರಬೇಕು ಎಂದುಕೊಂಡ. ಹೆಂಡತಿಗೆ ಗೊತ್ತಾದದ್ದು ಒಂದು ಭಾನುವಾರ. ಅವಳು ಮೇಲೆ ಬಟ್ಟೆ ಒಣಹಾಕಿ ಕೆಳಗಿಳಿದು ಬರುವಾಗ ಮೆಟ್ಟಿಲ ತನಕ ಸೀದ ವಾಸನೆ. ಒಳಗೆ ಒಲೆಯ ಮೇಲೆ ಹಾಲು ಉಕ್ಕಿ, ಬತ್ತಿ, ಪಾತ್ರೆ ಕರಿಹತ್ತಿತ್ತು. ಅವನು ಅಲ್ಲೇ, ಒಲೆಗೆ ಬೆನ್ನು ಹಾಕಿ ಪೇಪರ್ ಓದುತ್ತ ಕೂತಿದ್ದ. ಅವಳು ಒಲೆ ಆರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಸೀಮೆಎಣ್ಣೆ ಅದ್ದಿದ ಬಟ್ಟೆಯನ್ನು ಹಿಂದಿನಿಂದ ಅವನ ಮುಖದ ಹತ್ತಿರ ತಂದು ಹಿಡಿದಳು. ಅವನು ಪುಟ ತಿರುವಿದ.

"ರೀ, ಎಷ್ಟು ದಿನ ಆಯ್ತು?" ಎಂದು ಕೇಳಿದಳು.

ಅವನು ಪೇಪರ್ ಮಡಿಸಿಟ್ಟ. ಸುಳ್ಳು ಹೇಳುವ ಧೈರ್ಯ ಬರಲಿಲ್ಲ. ಕಾರ್ಖಾನೆಯಲ್ಲಿ ಹೇಳಿಬಿಡಿ ಎಂದು ಅವಳು ಅಂದು ರಾತ್ರಿ ಊಟಕ್ಕೆ ಕೂತಾಗಲೂ ಹೇಳಿದಳು, ಮರುದಿನವೂ ಹೇಳಿದಳು. ಓವನ್ನಿನಿಂದ ತೆಗೆದರೆ ಕಸ ಗುಡಿಸೋಕೆ ಹಾಕ್ತಾರೆ ಎಂದು ಅವನು ಗೊಣಗಿದ. ಜೊತೆಗೆ ಅಳಿಯ, ಮಗಳ ಗಂಡ, ಬೇರೆ ಅದೇ ಕಾರ್ಖಾನೆಯಲ್ಲಿದ್ದ. ಮೂಗಣ್ಣನ ಮಾತಿಗೆ ಬೆಲೆ ಕೊಟ್ಟು ಓವನ್ ಶೆಡ್ಡಿಗೆ ತೆಗೆದುಕೊಂಡಿದ್ದರು. ಮಾವನ ಮರ್ಯಾದೆ ಹೋದರೆ ಅಳಿಯನದೂ ಹೋದಂತೆ ಎಂದು ಅವನ ವಾದ. ಅವಳಿಂದ ಮಾತು ತೆಗೆದುಕೊಂಡ, ಮಗಳಿಗೂ ಹೇಳಕೂಡದು ಎಂದು. ಅವಳು ಹೇಳಲಿಲ್ಲ.

ಮುಂದೆ ಅವನು ಉಪಾಯ ಕಲಿತ. ಬಾಗಿಲಲ್ಲಿ ತಲೆ ತೂರಿಸಿ, ಮೂಗು ಅರಳಿಸಿ, ಕಣ್ಣು ಉರಿಯುತ್ತದೆಯೇ ಎಂದು ನೋಡಿಕೊಂಡು ಹೂಂ, ಊಹೂಂ ಹೇಳುತ್ತಿದ್ದ. ಎರಡು ವರ್ಷ ಅದು ನಡೆಯಿತು.

ಅಳಿಯ ಮೆದು ಸ್ವಭಾವದವನು. ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲ. ಮನೆಯಲ್ಲಿ ತನ್ನ ಪುಟ್ಟ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೂರನೇ ಮಹಡಿಯ ತನಕ ಓಡಿ ಹತ್ತುವುದು ಅವನ ದಿನದ ಆಟ. ಮಾವನೆಂದರೆ ಅವನಿಗೆ ಗೌರವ, ಅದರಲ್ಲಿ ಸ್ವಲ್ಪ ಹೆದರಿಕೆಯೂ ಬೆರೆತಿತ್ತು.

ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಹೋಗಿದ್ದರು. ಓವನ್ನಿನ ಕಾವು ತೋರಿಸುವ ಸಲಾಕೆ ಕೆಟ್ಟು ಕಡಿಮೆ ತೋರಿಸುತ್ತಿತ್ತು, ಅದು ಆಮೇಲೆ ತಿಳಿದದ್ದು. ಒಳಗೆ ಹಾಳೆಗಳು ಒಂದರ ಮೇಲೊಂದು ಏರಿ ಸಿಕ್ಕಿಕೊಂಡವು. ಮಾವ ಅಳಿಯ ಇಬ್ಬರೂ ಸೇರಿ ಓವನ್ ಆರಿಸಿ, ಫ್ಯಾನ್ ಹಾಕಿ ಕಾದರು. ಯಂತ್ರದ ಪ್ಲಗ್ ಅಂದೂ ಕಿತ್ತೇ ಇತ್ತು, ಮಾಸ್ಕ್ ದೂರದ ಬೀರುವಿನಲ್ಲಿತ್ತು. ಅಳಿಯ ಬಾಗಿಲ ಹತ್ತಿರ ಬಂದು ನಿಂತ.

"ಸ್ವಲ್ಪ ಘಾಟಿದೆ ಅಲ್ವಾ ಮಾವ?"

ಮೂಗಣ್ಣ ತಲೆ ತೂರಿಸಿದ. ಕಣ್ಣು ಕೊಂಚ ಹನಿಯಿತು. ಶಾಖಕ್ಕಿರಬೇಕು ಎಂದುಕೊಂಡ. ಗೊತ್ತಿಲ್ಲ ಎನ್ನಲು ಅವನ ನಾಲಿಗೆ ಏಳಲಿಲ್ಲ.

"ಅದು ಥಿನ್ನರ್ ವಾಸನೆ ಕಣೋ. ಹೋಗು, ಏನಾಗಲ್ಲ."

ಅಳಿಯ ಹೋದ. ಕೆಮ್ಮು ಕೇಳಿಸಿತು, ಆದರೂ ಅವನು ಹೊರಬರಲಿಲ್ಲ. ಮಾವ ಹೇಳಿದ ಮೇಲೆ ಏನೂ ಆಗಲಾರದೆಂದು ನಂಬಿ ಹಾಳೆಗಳನ್ನು ಒಂದೊಂದಾಗಿ ಎಬ್ಬಿಸಿದ. ಅಡಿಯ ಹಾಳೆಗಳ ನಡುವೆ ಹುದುಗಿಕೊಂಡಿದ್ದ ಸೀದ ಹೊಗೆ ಒಮ್ಮೆಲೇ ಅವನ ಮುಖಕ್ಕೆ ಹೊಡೆಯಿತು. ಹೊರಬಂದಾಗ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಮುಖ ತೊಳೆದು, ನೀರು ಕುಡಿದು, ಈಗ ಪರವಾಗಿಲ್ಲ ಎಂದ. ಸಂಜೆ ತನ್ನ ಕಾಲ ಮೇಲೇ ಮನೆಗೆ ನಡೆದು ಹೋದ. ಕತ್ತಲಾಗುವ ಹೊತ್ತಿಗೆ ಅವನಿಗೆ ಮಲಗಿದರೆ ಉಸಿರು ಸಿಗದಾಯಿತು. ಆಸ್ಪತ್ರೆಯಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿದೆ ಎಂದರು.

ಜೀವ ಉಳಿಯಿತು. ಆದರೆ ಮನೆಗೆ ಬಂದ ಅಳಿಯನಿಗೆ ಒಂದು ಮಹಡಿ ಹತ್ತಲು ಮೂರು ಕಡೆ ಕೂರಬೇಕಾಯಿತು. ಮಗು ಹೆಗಲಿಗೆ ಕೈ ಚಾಚಿದರೆ ಅವನು ಗೋಡೆ ಹಿಡಿದು ಮುಖ ತಿರುಗಿಸುತ್ತಿದ್ದ.

ಕಾರ್ಖಾನೆಯಲ್ಲಿ ವಿಚಾರಣೆ ನಡೆಯಿತು. ಮಾಸ್ಕ್ ಹಾಕಿಕೊಳ್ಳದೆ ಹೋದದ್ದು ಅವನದೇ ತಪ್ಪು ಎಂದು ಕೈ ತೊಳೆದುಕೊಳ್ಳುವ ಹವಣಿಕೆ ಕಾಣುತ್ತಿತ್ತು. ಅಳಿಯ ಮಾವನ ಹೆಸರೆತ್ತಿರಲಿಲ್ಲ, ನಾನೇ ಹೋದೆ ಎಂದಷ್ಟೇ ಹೇಳಿದ್ದ. ಮೂಗಣ್ಣನನ್ನು ಕರೆದು ನೀವು ಅಲ್ಲಿದ್ದಿರಾ ಎಂದು ಕೇಳಿದರು. ಇದ್ದೆ ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನ ಉಳಿದ ವರ್ಷಗಳು ಹೇಗೋ ಸಾಗುತ್ತಿದ್ದವು. ಮೇಜಿನ ಅಂಚು ಹಿಡಿದುಕೊಂಡು ನಿಂತ.

"ಹೋಗು ಅಂದಿದ್ದು ನಾನು. ಅವನು ಘಾಟಿದೆ ಅಂದ. ನನಗೆ ಎರಡು ವರ್ಷದಿಂದ ಯಾವ ವಾಸನೇನೂ ಬರಲ್ಲ."

ಮೇಡಂ ತಲೆ ತಗ್ಗಿಸಿ ಕೂತರು. ಪ್ಲಗ್ ಕಿತ್ತ ವಿಷಯವೂ ಅದರ ಬೆನ್ನಲ್ಲೇ ಹೊರಬಿತ್ತು. ತಪ್ಪು ಅಳಿಯನೊಬ್ಬನ ತಲೆಗೆ ಬರಲಿಲ್ಲ. ಮೂಗಣ್ಣನ ಕೆಲಸ ಹೋಯಿತು. ಜೊತೆಯವರು ದಾರಿಯಲ್ಲಿ ಸಿಕ್ಕರೆ ಚಪ್ಪಲಿ ನೋಡಿಕೊಂಡು ದಾಟಿಹೋಗತೊಡಗಿದರು. ಪ್ಲಗ್ ಕಿತ್ತವರು ಅವರಲ್ಲಿಯೇ ಇದ್ದರು.

ಸುದ್ದಿ ಮುಟ್ಟಿದ ದಿನವೇ ಮಗಳು ತವರಿಗೆ ಬಂದಳು. ಕೂರಲಿಲ್ಲ. ಅಪ್ಪನ ಹತ್ತಿರ ಒಂದು ಮಾತೂ ಕೇಳದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಮ್ಮ, ನಿನಗೆ ಗೊತ್ತಿತ್ತಾ?"

"ಅವಳಿಗೇನೂ ಗೊತ್ತಿರಲಿಲ್ಲಮ್ಮ," ಎಂದ ಮೂಗಣ್ಣ.

ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಗೊತ್ತಿತ್ತು," ಎಂದಳು.

ಮಗಳು ಇಬ್ಬರನ್ನೂ ನೋಡಿ, ಬಂದ ಹಾಗೇ ಮೆಟ್ಟಿಲಿಳಿದು ಹೋದಳು. ಆಮೇಲೆ ಬಹಳ ಕಾಲ ಆ ಮನೆಗೆ ಅವಳ ಕಾಲು ಬೀಳಲಿಲ್ಲ. ಅಮ್ಮ ಕಾಗದ ಬರೆದರೂ ಉತ್ತರವಿಲ್ಲ, ಮೊಮ್ಮಗಳ ಮುಖವೂ ಇಲ್ಲ. ಹೆಂಡತಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಬ್ಬರೇ ಎದುರುಬದುರು ಕೂತು ಉಣ್ಣುತ್ತಿದ್ದರು. ಅವನಿಗಂತೂ ತಿಂದದ್ದೆಲ್ಲ ಒಂದೇ.

ಕೊನೆಗೆ ಅವನು ಬಸ್ ನಿಲ್ದಾಣದ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಕೊಡುವ ಕೆಲಸಕ್ಕೆ ಕೂತ. ಅಳಿಯನಿಗೆ ಕಾರ್ಖಾನೆಯ ಗೇಟಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತ್ತು. ಸಂಜೆ ಮನೆಗೆ ಹೋಗುವಾಗ ಅವನಿಗೆ ಆ ದಾರಿಯಲ್ಲಿ ದಣಿವಾರಿಸಿಕೊಳ್ಳಲೇಬೇಕಿತ್ತು. ಕೂರಲು ಬೇರೆ ಜಾಗಗಳೂ ಇದ್ದವು. ಒಂದು ದಿನ ಬಂದು ಮಾವನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಮೂಗಣ್ಣನಿಗೆ ಕೈಯಲ್ಲಿದ್ದ ಚೀಟಿಗಳನ್ನು ಏನು ಮಾಡಬೇಕೋ ತೋಚಲಿಲ್ಲ.

ಅಳಿಯ ಉಸಿರು ಹದಕ್ಕೆ ಬರುವ ತನಕ ಕಾದ. "ನನಗೂ ಮೂಗಿತ್ತಲ್ಲ ಮಾವ," ಎಂದ.

ಅದು ಸಮಾಧಾನವೋ, ಆಪಾದನೆಯೋ ಮೂಗಣ್ಣನಿಗೆ ತಿಳಿಯಲಿಲ್ಲ. ಅಳಿಯ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಮಗುವನ್ನು ಶಾಲೆಗೆ ಸೇರಿಸಿದ್ದನ್ನು ಹೇಳಿ, ನಿಧಾನವಾಗಿ ಎದ್ದು ಹೋದ. ಮೂಗಣ್ಣನ ಮಗಳ ವಿಷಯ ಇಬ್ಬರೂ ಎತ್ತಲಿಲ್ಲ. ಅಲ್ಲಿಂದ ವಾರಕ್ಕೆ ಒಂದೋ ಎರಡೋ ಸಲ ಅವನು ಬಂದು ಕೂರುತ್ತಿದ್ದ. ಮೂಗಣ್ಣ ಸಂಜೆಯಾಗುತ್ತಿದ್ದಂತೆ ಬೆಂಚಿನ ಆ ತುದಿಯಲ್ಲಿ ಬೇರೆ ಯಾರೂ ಕೂರದಂತೆ ನೋಡಿಕೊಳ್ಳುತ್ತಿದ್ದ.