ಕಾರ್ಬುರೇಟರಿಗೆ ಸುತ್ತಿದ ರೇಷ್ಮೆ ಎಳೆ

ಕಳೆದ ವಾರ ಬಾಗಲಕೋಟೆಯ ಒಂದು ಸಭೆಯಲ್ಲಿ ನನ್ನನ್ನು ಹೊಗಳುತ್ತ, ಹುನಗುಂದದ ಹಾದಿಯಲ್ಲಿ ಕೆಟ್ಟ ಮೋಟಾರನ್ನು ನಾನು ದುರಸ್ತಿ ಮಾಡಿ ಒಬ್ಬ ಅಬಲೆಯನ್ನು ಉದ್ಧರಿಸಿದೆನೆಂದು ಹೇಳಲಾಯಿತು. ಈ ಒಂದು ವಾಕ್ಯದಲ್ಲಿ ಎರಡು ಸುಳ್ಳುಗಳಿವೆ. ಖಂಡಿಸಲು ಎದ್ದಾಗ ಅಧ್ಯಕ್ಷರು ಗಂಟೆ ಬಾರಿಸಿ ನನ್ನನ್ನು ಕೂಡಿಸಿದರು. ಈ ಬರಹದಲ್ಲಿ ಗಂಟೆ ಬಾರಿಸುವವರು ಯಾರೂ ಇಲ್ಲ.

ಆಗ ನಾನು ಇಳಕಲ್ಲಿನಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಸಣ್ಣ ಶಾಲೆ ನಡೆಸುತ್ತಿದ್ದೆ. ಅಲ್ಲಿ ಕಲಿತವರಲ್ಲಿ ನೇಕಾರರ ಮನೆಯ ಒಬ್ಬ ಎಳೆಯ ವಿಧವೆ ಇದ್ದಳು. ಶಿಕ್ಷಕಿಯರ ತರಬೇತಿಗೆ ಹೆಂಗಸರನ್ನು ಆರಿಸಲು ಶಾಲೆಗಳ ಇನ್‌ಸ್ಪೆಕ್ಟರ್ ಬಾಯಿಯವರು ಬಾಗಲಕೋಟೆಗೆ ಬರುವವರಿದ್ದರು. ಅದೂ ಒಂದೇ ದಿನ, ಮಧ್ಯಾಹ್ನದವರೆಗೆ ಮಾತ್ರ. ಅವಳನ್ನು ಕಳಿಸಿರೆಂದು ಮನೆಯ ಹಿರಿಯನಾದ ಅವಳ ಕಾಕಾನೊಡನೆ ಮೂರು ತಿಂಗಳು ವಾದಿಸಿದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಸೋಲನ್ನೇ ಕಾಣದ ನನ್ನ ತರ್ಕವೆಲ್ಲ ಅವರ ಮಗ್ಗದ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಕೊನೆಗೆ ಅವರೇ ಒಂದು ಷರತ್ತು ಹಾಕಿದರು.

"ನಿಮ್ಮ ಮೋಟಾರಿನ್ಯಾಗ ನಾನೂ ಬರ್ತೇನಿ, ಮಾಸ್ತರ್ರ. ಅದು ಹಾದ್ಯಾಗ ಎಲ್ಲಿ ಕೆಟ್ಟು ನಿಲ್ಲತೈತೋ ಅಲ್ಲಿಂದ ನಾನು, ಈಕಿ ಇಬ್ಬರೂ ವಾಪಸ್. ಮತ್ತ ಈ ಮಾತು ಎತ್ತಬಾರದು."

ಒಬ್ಬ ವಕೀಲರು ಬೇಸತ್ತು ಕೊಟ್ಟಿದ್ದ ನನ್ನ ಹಳೆಯ ಮೋಟಾರಿನ ಗುಣ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹುನಗುಂದ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಗಾಡಿ ನಿಲ್ಲಿಸಿ ಎಂಜಿನ್ನಿನ ಮುಚ್ಚಳ ಎತ್ತಿದೆ. ಪೆಟ್ರೋಲ್ ಟಾಕಿಯಿಂದ ಬರುವ ತಾಮ್ರದ ಕೊಳವೆ ಕಾರ್ಬುರೇಟರಿಗೆ ಕೂಡುವಲ್ಲಿ, ಹಿತ್ತಾಳೆಯ ನಟ್ಟಿನ ಸುತ್ತಲಿಂದ ಪೆಟ್ರೋಲ್ ಹನಿಹನಿಯಾಗಿ ಬೀಳುತ್ತಿತ್ತು. ಬಾಗಲಕೋಟೆಯವರೆಗೆ ಎಲ್ಲಿಯೂ ಪೆಟ್ರೋಲ್ ಸಿಗುವಂತಿರಲಿಲ್ಲ. ಹೀಗೆಯೇ ಸೋರಿದರೆ ಅರ್ಧ ಹಾದಿಯಲ್ಲಿ ಟಾಕಿ ಬರಿದಾಗುವುದು ಖಚಿತವಾಗಿತ್ತು.

ಬೆನ್ನ ಹಿಂದೆ ಕಡ್ಡಿ ಗೀರಿದ ಸದ್ದಾಯಿತು. ಕಾಕಾ ಬೀಡಿ ಹಚ್ಚುತ್ತಿದ್ದರು.

"ಕಾಕಾರ, ಆರಸ್ರಿ ಅದನ್ನ! ಮೂರೂ ಮಂದಿ ಸುಟ್ಟು ಹೋಗ್ತೇವಿ!"

"ಛಲೋ ಆತಲ್ಲ," ಎಂದು ಅವರು ಕಡ್ಡಿ ಊದಿದರು. "ಮ್ಯಾಲ ಹೋಗಾಕ ಪೆಟ್ರೋಲ್ ಬೇಕಾಗೂದಿಲ್ಲ."

ಸಾಬೂನು ಪೆಟ್ರೋಲಿನಲ್ಲಿ ಕರಗದೆಂದು ಹುಬ್ಬಳ್ಳಿಯ ಒಬ್ಬ ಮಿಸ್ತ್ರಿ ನನಗೆ ಹೇಳಿಕೊಟ್ಟಿದ್ದ. ನನ್ನ ಚೀಲದಲ್ಲಿದ್ದ ಸಾಬೂನಿನ ತುಂಡನ್ನು ನಟ್ಟಿನ ಸುತ್ತ ಮೆತ್ತಿ, ಪಾನಾ ಹಾಕಿ ಬಲವಾಗಿ ಬಿಗಿದೆ. ಸೋರಿಕೆ ನಿಲ್ಲಲಿಲ್ಲ. ಮತ್ತೂ ಬಿಗಿದೆ.

ಅವಳು ಇಳಿದು ಬಂದು ನೋಡುತ್ತ ನಿಂತಿದ್ದಳು. "ಎಷ್ಟು ಬಿಗೀತೀರಿ, ಮಾಸ್ತರ್ರ? ಬಿಗಿದಷ್ಟೂ ಜಾಸ್ತಿ ಸೋರಾಕತ್ತೈತಿ."

"ಇದು ಯಂತ್ರದ ಕೆಲಸ, ತಂಗಿ. ನಿನಗ ತಿಳಿಯೂದಿಲ್ಲ," ಎಂದೆ.

ಹೆಣ್ಣಿಗೆ ತಿಳಿಯದ ವಿದ್ಯೆಯಿಲ್ಲವೆಂದು ಊರೂರು ತಿರುಗಿ ಭಾಷಣ ಮಾಡಿದವನು ನಾನು. ಆ ಮಾತು ಹೊರಬಿದ್ದುದೂ ಇದೇ ಬಾಯಿಂದ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

"ಬಿಚ್ಚರಿ, ನೋಡೂಣು," ಎಂದಳು, ನನ್ನ ಮಾತು ಕೇಳಿಸದವಳಂತೆ.

ಟಾಕಿಯ ನಲ್ಲಿ ಮುಚ್ಚಿ ನಟ್ಟನ್ನು ಬಿಚ್ಚಿದೆ. ಅದು ಕೂಡುವ ಬಾಯಿಯ ಮೇಲಿನ ಸುರುಳಿಗೆರೆಗಳು ಸವೆದಿದ್ದವು. ಅವಳು ತನ್ನ ಗಂಟಿನಿಂದ ರೇಷ್ಮೆಯ ಒಂದು ಎಳೆ ತೆಗೆದು ಸಾಬೂನಿನ ಮೇಲೆ ಎಳೆದು ಸವರಿದಳು. ಅದೇತಕ್ಕೆಂದು ಅರ್ಥವಾದೊಡನೆ ನಾನು ಆತುರದಿಂದ ಕಸಿದುಕೊಂಡು, ಆ ಗೆರೆಗಳ ಮೇಲೆ ರುಮಾಲು ಸುತ್ತುವಂತೆ ಸುತ್ತಿ ನಟ್ಟು ತಿರುಗಿಸಿದೆ. ಎಳೆಯೆಲ್ಲ ಮುದ್ದೆಯಾಗಿ ಹೊರಬಂತು.

"ನಟ್ಟು ತಿರುಗೂ ದಿಕ್ಕಿಗೇ ಸುತ್ತಬೇಕ್ರಿ," ಎಂದು ಇನ್ನೊಂದು ಎಳೆ ತೆಗೆದಳು. "ಎದುರ ಸುತ್ತಿದ್ರ ಅದು ಎಳೀನ್ನ ಹೊರಗ ದಬ್ಬತೈತಿ. ನಮ್ಮ ಮನ್ಯಾಗ ನೂಲು ಸುತ್ತೂ ಕೂಸಿಗೂ ಇದು ಗೊತ್ತೈತಿ."

ಎಳೆಯ ಪಕ್ಕಕ್ಕೆ ಎಳೆ, ಒಂದರ ಮೇಲೊಂದು ಬೀಳದಂತೆ ಸುತ್ತಿದಳು. ನಟ್ಟನ್ನು ಕೈಯಿಂದಲೇ ಕೂಡಿಸಿ, ಪಾನಾದಿಂದ ಅರ್ಧ ಸುತ್ತು ಮಾತ್ರ ಕೊಡಿಸಿದಳು. ನಲ್ಲಿ ತೆರೆದೆ. ಮೂವರೂ ಬಾಗಿ ನೋಡಿದೆವು. ಅವಳು ನಟ್ಟಿನ ಸುತ್ತ ಬೆರಳಾಡಿಸಿ ಮೂಸಿದಳು, ಬೆರಳು ಒಣಗಿತ್ತು.

"ಶಾಣ್ಯಾಕಿ," ಎಂದರು ಕಾಕಾ. "ಆದ್ರ ಮಾತು ಮಾತೇ. ಗಾಡಿ ನಿಂತಿತು. ನಡಿ ಮನಿಗೆ."

"ಮೊದಲನೆಯದಾಗಿ," ಎಂದು ನಾನು ಆರಂಭಿಸಿದೆ.

"ನೀವ ಸುಮ್ಮನಿರ್ರಿ, ಮಾಸ್ತರ್ರ," ಎಂದು ಅವಳು ಗಾಡಿ ಹತ್ತಿ ಕುಳಿತಳು. "ಕೆಟ್ಟು ನಿಂತ್ರ ವಾಪಸ್ ಅಂದಿದ್ರಿ, ಕಾಕಾ. ಇದು ತಾನಾಗಿ ನಿಂತಿಲ್ಲ, ಇವರು ನಿಲ್ಲಿಸ್ಯಾರ. ಮಗ್ಗದಾಗ ಎಳಿ ಹರದ್ರ ನೀವು ಸೀರಿ ಬಿಟ್ಟು ಏಳತೀರೇನು? ಕೂಡಿಸಿ ಮುಂದ ನೇಯತೀರಿ. ಮನಿಗೆ ಹೋಗೂದಿದ್ರ ನೀವು ಹೋಗ್ರಿ. ನಾ ಇಳಿಯೂದಿಲ್ಲ."

ಕಾಕಾ ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಗೊಣಗುತ್ತ ಹತ್ತಿದರು.

"ಹಚ್ಚರಿ ಗಾಡಿ. ತಡಾ ಆದ್ರ ಈಕಿ ನನ್ನ ಕೈಲೇ ದಬ್ಬಸ್ತಾಳ."

ಹನ್ನೆರಡಕ್ಕೆ ಮುಂಚೆ ತಲುಪಿದೆವು. ಕೈಯ ಪೆಟ್ರೋಲ್ ವಾಸನೆಯೊಂದಿಗೇ ಅವಳು ಒಳಗೆ ಹೋದಳು, ಆಯ್ಕೆಯಾದಳು. ಈಗ ಬಾದಾಮಿಯ ಶಾಲೆಯೊಂದರಲ್ಲಿ ಕಲಿಸುತ್ತಾಳೆ.

ಆದ್ದರಿಂದ ಸಭಿಕರೇ, ಮೋಟಾರನ್ನು ದುರಸ್ತಿ ಮಾಡಿದವನು ನಾನಲ್ಲ, ಅವಳು ಅಬಲೆಯೂ ಅಲ್ಲ. ನನಗೆ ಹೊದಿಸಿದ ಶಾಲನ್ನು ಹಿಂದಿರುಗಿಸಿದ್ದೇನೆ. ಮುಂದಿನ ಸಭೆಗೆ ಅವಳನ್ನೇ ಕರೆಯಿರಿ; ಅವಳು ಮಾತಾಡುವಾಗ ಆ ಗಂಟೆಯನ್ನು ಮೇಜಿನ ಮೇಲಿಂದ ತೆಗೆದಿಡಿ.