ಅಕ್ಕಿ ಗಿರಣಿಯಲ್ಲಿ ಕಂಪ್ಯೂಟರ್ ಪೂಜೆ

ಸಾಫ್ಟ್‌ವೇರ್ ಮಾರಲು ಏನೇನು ಗೊತ್ತಿರಬೇಕು ಎಂದು ಈಗಿನ ಹುಡುಗರು ನನ್ನನ್ನು ಕೇಳುತ್ತಾರೆ. ಕೇಳಬೇಡಿ ಮಹರಾಯರೇ, ಹೊಟ್ಟೆ ಉರಿಯುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನಾನೂ ಅದನ್ನೇ ಮಾರಲು ಹೊರಟವನು. ಮಾಲೂರಿನ ಹೆಂಚಿನ ಕಾರ್ಖಾನೆಯ ಗುಮಾಸ್ತೆ ಕೆಲಸ ಬಿಟ್ಟು ಬೆಂಗಳೂರಿನ ಸಣ್ಣ ಕಂಪನಿಯೊಂದನ್ನು ಸೇರಿದೆ. ಕೋಲಾರದ ಬಾಡಿಗೆ ಮನೆಯಲ್ಲಿ ಬಸುರಿ ಹೆಂಡತಿ. ಬೇಡ ಬೇಡ ಅಂದಳು, ನಾನು ಕೇಳಿದೆನೇ?

ಮ್ಯಾನೇಜರು ಕಲಿಸಿದ ವಿದ್ಯೆ ಇಷ್ಟೇ: ಟೈ ಕಟ್ಟು, ನಗು, ಗಿರಾಕಿಯ ಮಾತಿಗೆ ಅಡ್ಡ ಹೇಳಬೇಡ. ನಕ್ಕೂ ನಕ್ಕೂ ದವಡೆ ನೋವು ಬಂತೇ ಹೊರತು ಒಂದೂ ಮಾರಾಟವಾಗಲಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯವರು ಕಾಫಿ ಕುಡಿಸಿ, "ಇದ್ರಲ್ಲಿ ಸಿನಿಮಾ ಬರ್ತದೇನಪ್ಪಾ?" ಎಂದು ಕೇಳಿ ಕಳಿಸಿದರು. ಈ ತಿಂಗಳೂ ಆಗದಿದ್ದರೆ ಮನೆಗೆ ಹೋಗು ಎಂದು ಮ್ಯಾನೇಜರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಕೊನೆಗೆ ಮುಳಬಾಗಿಲಿನ ಅಕ್ಕಿ ಗಿರಣಿಯ ಯಜಮಾನರು ಒಪ್ಪಿದರು. "ಒಂದ್ಸಲ ಓಡಿಸಿ ತೋರ್ಸು, ಅಲ್ಲೇ ಆರ್ಡರ್ ಕೊಡ್ತೀನಿ" ಅಂದರು. ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಟ್ಯಾಕ್ಸಿಯಲ್ಲಿ ಮಗುವಿನ ಹಾಗೆ ತಬ್ಬಿಕೊಂಡು ಹೋದೆ. ಸ್ವಿಚ್ಚಿಗೆ ಕೈ ಹಾಕಿದೆನೋ ಇಲ್ಲವೋ, ಯಜಮಾನರ ತಾಯಿ ಒಳಗಿನಿಂದ ಕೂಗಿದರು.

"ಪೂಜ ಲೇಕುಂಡಾನಾ! ಪೂಜೆ ಇಲ್ದೆ ಹೊಸ ಯಂತ್ರ ಮುಟ್ತಾರೇನೋ?"

ಹಾರ ಬಂತು, ಕರ್ಪೂರ ಬಂತು, ನಿಂಬೆಹಣ್ಣು ಬಂತು. ನಾನು ನಗುತ್ತಾ ಕೈಮುಗಿದು ನಿಂತೆ. "ಇದರ ಜೀವ ಇರೋದು ಎಲ್ಲಪ್ಪಾ?" ಎಂದು ತಾಯಿ ಕೇಳಿದರು. ಲೆಕ್ಕ ಬರೆಯುವ ನಮ್ಮ ಪ್ರೋಗ್ರಾಂ ಇದ್ದ ಫ್ಲಾಪಿಯನ್ನು ತೋರಿಸಿದೆ. ಅಯ್ಯೋ, ಯಾಕಾದರೂ ತೋರಿಸಿದೆನೋ! ಕದ್ದು ನಕಲು ಮಾಡುತ್ತಾರೆಂಬ ಭಯಕ್ಕೆ ಕಂಪನಿ ಕೊಟ್ಟಿದ್ದು ಅದೊಂದನ್ನೇ. ಕಪ್ಪು ಹೊದಿಕೆಯ ನಡುವೆ ಒಳಗಿನ ತಟ್ಟೆ ಕಾಣುವ ಒಂದು ಕಿಂಡಿ ಇರುತ್ತದೆ. ಅದು ಬೊಟ್ಟಿಗೆಂದೇ ಮಾಡಿದ ಜಾಗವೆಂದು ಆ ತಾಯಿ ತಿಳಿದರು. ಒದ್ದೆ ಕುಂಕುಮವನ್ನು ಬೆರಳ ತುಂಬ ತೆಗೆದು ಅಲ್ಲಿಗೇ ಇಟ್ಟರು.

"ಅಮ್ಮಾ..." ಅಂದೆ. ಕರ್ಚೀಫಿನಲ್ಲಿ ಒರೆಸಿದೆ, ಇನ್ನಷ್ಟು ಹರಡಿತು. ದೇವರ ಮೇಲೆ ಭಾರ ಹಾಕಿ ಫ್ಲಾಪಿ ತುರುಕಿದೆ. ಯಂತ್ರ ಕರಕರ ಎಂದು ಕೆರೆದುಕೊಂಡು ಸುಮ್ಮನಾಯಿತು. ಪರದೆಯ ಮೇಲೆ ಏನೂ ಬರಲಿಲ್ಲ.

ಯಜಮಾನರು ತಲೆ ಅಲ್ಲಾಡಿಸಿ, "ನಮ್ಗೆ ಆಗಿಬರಲ್ಲ ಬಿಡಪ್ಪಾ" ಅಂದರು. ಕುಂಕುಮ ಬಿದ್ದು ಕೆಟ್ಟಿತು, ನಾಳೆ ಬೆಂಗಳೂರಿನಿಂದ ಬೇರೆ ಫ್ಲಾಪಿ ತರುತ್ತೇನೆ ಎಂದರೆ ಮುಗಿಯಿತು, ಆರ್ಡರ್ ಉಳಿಯಬಹುದು. ಬಾಯಿ ತೆರೆದೆ. ಅಷ್ಟರಲ್ಲಿ ತಾಯಿ ನನ್ನ ಕೈ ಹಿಡಿದುಕೊಂಡರು.

"ನನ್ ಕೈಯಿಂದ ಏನಾದ್ರೂ ಆಯ್ತಾ ಮಗಾ?"

ಅವರ ಬೆರಳಲ್ಲಿ ಇನ್ನೂ ಕುಂಕುಮವಿತ್ತು. ನನ್ನ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಹೇಳು, ಹೇಳಿಬಿಡೋ ಎಂದು ಒಳಗೇ ಬೈದುಕೊಂಡೆ.

"ಇಲ್ಲಮ್ಮಾ, ಯಂತ್ರಾನೇ ಮೊದ್ಲಿಂದ ಕೆಟ್ಟಿತ್ತು" ಅಂದೆ.

ನನ್ನ ಕೆಲಸ ಅಲ್ಲಿಗೆ ಮುಗಿಯಿತು. ತಾಯಿಯ ಮುಖ ಮಾತ್ರ ನಿರಾಳವಾಯಿತು. ಕೈ ಬಿಟ್ಟು ಮಗನ ಕಡೆ ತಿರುಗಿದರು.

"ನೋಡ್ದೇನೋ? ಕೆಟ್ಟಿರೋದನ್ನ ನಮ್ಮ ತಲೆಗೆ ಕಟ್ಟೋಕೆ ಬಂದಿದ್ದಾನೆ. ಪೂಜೆ ಮಾಡಿದ್ದಕ್ಕೆ ಗೊತ್ತಾಯ್ತು."