ಗೊತ್ತಾಯ್ತು ಟೈಲರ್

ನಮ್ಮಣ್ಣನಿಗೆ ಬೀದಿಯವರು ಇಟ್ಟ ಹೆಸರು ಗೊತ್ತಾಯ್ತು ಟೈಲರ್. ಗಿರಾಕಿ ಚೀಲದಿಂದ ಬಟ್ಟೆ ತೆಗೆಯುವಷ್ಟರಲ್ಲಿ "ಗೊತ್ತಾಯ್ತು ಬಿಡಿ, ಸೊಂಟ ಸಡಿಲ ಮಾಡ್ಬೇಕು" ಅಂದುಬಿಡುತ್ತಾನೆ. ಅವನಿಗೆ ಕೆಲಸ ಕಲಿಸಿದ ಯಜಮಾನ, ಗಿರಾಕಿ ಬಾಯಿ ಬಿಡುವುದರೊಳಗೆ ಮನಸ್ಸು ತಿಳಿಯುವವನೇ ಟೈಲರ್ ಅಂತ ಬೆನ್ನು ತಟ್ಟಿದ್ದನಂತೆ. ಪುಣ್ಯಾತ್ಮ, ತಟ್ಟುವ ಬದಲು ಎರಡು ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹತ್ತರಲ್ಲಿ ಎಂಟು ಸಲ ಅವನ ಊಹೆ ಸರಿಯಿರುತ್ತದೆ, ಅದೇ ನನ್ನ ಗ್ರಹಚಾರ. ಉಳಿದೆರಡಕ್ಕೆ ಹೊಲಿಗೆ ಬಿಚ್ಚುವವಳು ನಾನು. ಹದಿನೆಂಟು ವರ್ಷದಿಂದ ಅವನ ಅಂಗಡಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕಾಜಾ ಹೊಲಿದು, ಗುಂಡಿ ಹಚ್ಚುತ್ತಿದ್ದೇನೆ. ನನಗೆ ಅವನು, ಅವನಿಗೆ ನಾನು, ಅಷ್ಟೇ ಸಂಸಾರ. ಕೆಟ್ಟವನಲ್ಲ. ಬೆಳಗಿನ ಚಹಾ ಅವನೇ ಮಾಡಿಕೊಡುತ್ತಾನೆ. ಕಿವಿ ಮಾತ್ರ ಅಲಂಕಾರಕ್ಕೆ.

ಮೂರು ವಾರದ ಹಿಂದೆ ನನಗೆ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣದಾಯಿತು. ಕಣ್ಣಾಸ್ಪತ್ರೆಗೆ ಹೋದೆ. ಮೂರು ವಾರ ಬಿಟ್ಟು ಗುರುವಾರ ಆಪರೇಷನ್ ಅಂತ ದಿನ ಕೊಟ್ಟರು. ಅದು ತಪ್ಪಿದರೆ ಬಲಗಣ್ಣಿನ ಆಸೆ ಬಿಡಬೇಕು ಅಂದರು ಡಾಕ್ಟರಮ್ಮ. ಮನೆಯವರೊಬ್ಬರು ಜೊತೆಗೆ ಬರಲೇಬೇಕಂತೆ. ಮನೆಯವರು ಅಂದರೆ ಈ ಮಹಾರಾಯನೊಬ್ಬನೇ.

"ಅಣ್ಣಾ, ನನ್ನ ಕಣ್ಣು..."

"ಗೊತ್ತಾಯ್ತು, ಉರೀತಿದೆ. ಬೆಳಕು ಸಾಲ್ದು, ಬಲ್ಬು ಬದಲಾಯಿಸ್ತೀನಿ."

ಬದಲಾಯಿಸಿದ. ಮಾತಿಗೆ ತಪ್ಪುವವನಲ್ಲ.

ಇನ್ನೊಂದು ದಿನ, "ಅಣ್ಣಾ, ಗುರುವಾರ ನೀನು..."

"ಗೊತ್ತಾಯ್ತು ಕಣೇ, ಗುರುವಾರ ಕರಿಕೋಟು ಕೊಡ್ಬೇಕು. ಕೊಡೋಣ ಬಿಡು."

"ನಿನ್ನ ಕೋಟಿಗಿಷ್ಟು ಬೆಂಕಿ ಬೀಳ!" ಅಂತ ಕಿರುಚಿದೆ.

"ಹಸಿವಾಗಿದೆ ನಿಂಗೆ, ಗೊತ್ತಾಯ್ತು" ಅಂತ ಬಿಸ್ಕತ್ತಿನ ಡಬ್ಬಿ ಮುಂದಿಟ್ಟ. ನನಗೆ ಅಳುವೇ ಬಂತು. ಅಳುತ್ತಲೇ ನಾಲ್ಕು ಬಿಸ್ಕತ್ತು ತಿಂದೆ.

ಹೀಗೇ ಬುಧವಾರ ಬಂತು. ಇವನದೊಂದು ಪದ್ಧತಿಯಿದೆ. ಅಳತೆ ಪುಸ್ತಕದ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಮನುಷ್ಯರ ಮಾತು ಕೇಳದವನು ಆ ಪುಸ್ತಕದ ಮಾತನ್ನು ಮಾತ್ರ ಪೂರ್ತಿ ಕೇಳುತ್ತಾನೆ. ಬೆಳಗ್ಗೆ ಅವನು ಚಹಾ ಕಾಯಿಸುತ್ತಿದ್ದಾಗ ನಾನು ಪೆನ್ಸಿಲು ತೆಗೆದುಕೊಂಡು ಅಂದಿನ ಪುಟದ ಕೆಳಗೆ ಬರೆದಿಟ್ಟೆ.

ಅವನು ಪ್ಯಾಂಟಿನ ಬಟ್ಟೆ ಹಾಸಿ ಓದತೊಡಗಿದ. "ಉದ್ದ ನಲವತ್ತು. ಸೊಂಟ ಮೂವತ್ತಾರು. ತಂಗಿಗೆ ಬಲಗಣ್ಣು ಕಾಣಿಸ್ತಿಲ್ಲ. ನಾಳೆ ಆಪರೇಷನ್. ನೀನು ಜೊತೆಗೆ ಬರ್ಬೇಕು."

ಕತ್ತರಿ ಕೆಳಗಿಟ್ಟ. ಇನ್ನೊಂದು ಸಲ ಓದಿಕೊಂಡ, ಈ ಸಲ ಸದ್ದಿಲ್ಲದೆ.

"ಮೊದಲೇ ಹೇಳೋಕೇನಾಗಿತ್ತು ನಿಂಗೆ?" ಅಂದ.

ಮೈಯೆಲ್ಲ ಉರಿದುಹೋಯಿತು. "ಹೇಳೋಕೆ ಬಿಟ್ಯಾ? ಮೂರು ವಾರದಿಂದ ಬಾಯಿ ತೆಗೀತಿದೀನಿ, ನೀನು ಮುಚ್ಚಿಸ್ತಿದೀಯ! ಕಣ್ಣು ಹೋಗ್ತಿದೆ ಅಂದ್ರೆ ಬಲ್ಬು ಹಾಕ್ತೀಯಲ್ಲೋ!"

"ಗೊತ್ತಾ..." ಅಂದವನು ತಡೆದ. ಕೊರಳಲ್ಲಿದ್ದ ಟೇಪಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಗಿರಾಕಿಗಳ ಬೆಂಚಿನ ಮೇಲೆ ಕೂತ. ಕಣ್ಣು ತುಂಬಿತ್ತು, ನನ್ನ ಎಡಗಣ್ಣಿಗೆ ಅಷ್ಟು ಕಂಡಿತು. ಹೇಳು ಅಂತ ಕೈಸನ್ನೆ ಮಾಡಿದ.

ಕಣ್ಣಿನ ವಿಷಯ ಐದು ನಿಮಿಷಕ್ಕೆ ಮುಗಿಯಿತು. ಆಮೇಲೆ ಹದಿನೆಂಟು ವರ್ಷದ್ದು ಶುರು ಮಾಡಿದೆ. ಮಧ್ಯಾಹ್ನವಾದರೂ ಅವನು ಟೇಪು ಬಾಯಿಂದ ತೆಗೆಯಲಿಲ್ಲ.